ಕೊಬ್ಬು ಕಟ್ಟುವ ಕಿಣ್ವವನ್ನೇ ನಿಲ್ಲಿಸಿದರೆ ಬೊಜ್ಜು ಇಳಿಯುತ್ತದೆಯೇ?

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ವಯಸ್ಸು 39, ಎತ್ತರ 154 ಸೆಂ.ಮೀ., ತೂಕ 71 ಕಿಲೋ. ಎರಡನೇ ಹೆರಿಗೆಯಾಗಿ, ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡ ಮೇಲೆ ಬಂದ ಮೈ ಇಳಿದೇ ಇಲ್ಲ. ಊಟಕ್ಕೆ ಎರಡೇ ರೊಟ್ಟಿ. ಸೋಮವಾರ, ಗುರುವಾರ ಒಪ್ಪತ್ತು ಮಾಡುತ್ತೇನೆ. ನಮ್ಮ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿದ್ದಾರೆ. ಐದು ರೊಟ್ಟಿ ತಿಂದು ಮೇಲೆ ಅನ್ನ ಉಂಡರೂ ಅವರು 60 ಕಿಲೋ ದಾಟಿಲ್ಲ, ಸ್ವಲ್ಪ ಹೊಟ್ಟೆ ಬಂದಿದೆ ಅಷ್ಟೇ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ದೇಹದಲ್ಲಿ ಕೊಬ್ಬು ತಯಾರಿಸುವ ಎನ್ಜೈಮ್ ಇರುತ್ತದೆ, ಕೆಲವರಲ್ಲಿ ಅದು ಜಾಸ್ತಿ, ಅದನ್ನು ತೆಗೆದ ಇಲಿಗಳು ಏನು ತಿಂದರೂ ದಪ್ಪ ಆಗಲಿಲ್ಲ ಎಂದಿತ್ತು. ಅದರಲ್ಲೇ ತೋರಿಸಿದ ಕ್ಯಾಪ್ಸೂಲನ್ನು 2,800 ರೂಪಾಯಿ ಕೊಟ್ಟು ತರಿಸಿದೆ. ಡಬ್ಬಿಯ ಮೇಲೆ ಗಾರ್ಸಿನಿಯಾ ಎಂದು ಬರೆದಿದೆ. ಆರು ವಾರದಲ್ಲಿ ಒಂದು ಕಿಲೋ ಇಳಿದಿದೆ. ಹೋದ ತಿಂಗಳು ಯಜಮಾನರ ತಪಾಸಣೆಯಲ್ಲಿ ‘ಲಿವರ್ ಎನ್ಜೈಮ್ ಜಾಸ್ತಿ, ಟ್ರೈಗ್ಲಿಸರೈಡ್ 386’ ಎಂದು ಬಂತು. ಎನ್ಜೈಮ್ ಜಾಸ್ತಿ ಇದ್ದೂ ಅವರು ಯಾಕೆ ದಪ್ಪ ಆಗಿಲ್ಲ? ನನ್ನ ಎನ್ಜೈಮ್ ಪರೀಕ್ಷೆ ಎಲ್ಲಿ ಮಾಡಿಸಲಿ? ಕ್ಯಾಪ್ಸೂಲ್ ಮುಂದುವರಿಸಲೇ?

ಉತ್ತರ: ಅಕ್ಕೋರೇ (ನಮ್ಮ ಕಡೆ ಶಾಲೆ ಮಕ್ಕಳು ಕರೆಯುವ ಹಾಗೆಯೇ ಕರೆಯುತ್ತೇನೆ), ಮೊದಲು ನಿಮ್ಮ ಕೊನೆಯ ಪ್ರಶ್ನೆ. ಆ ಕ್ಯಾಪ್ಸೂಲನ್ನು ಇವತ್ತೇ ನಿಲ್ಲಿಸಿ. ಕಾರಣ ಮುಂದೆ ಬರುತ್ತದೆ.

ವಿಜಯಪುರದಲ್ಲಿ 20 ವರ್ಷದಿಂದ ಸಕ್ಕರೆ ಕಾಯಿಲೆ, ಥೈರಾಯ್ಡ್, ಬೊಜ್ಜು ಇವನ್ನೇ ನೋಡುತ್ತಿದ್ದೇನೆ. “ಸಾಹೇಬ್ರ, ನೀರು ಕುಡಿದ್ರೂ ಮೈ ಬರ್ತೈತ್ರಿ” ಅನ್ನುವ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಹಾಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಉಣ್ಣುವವರು ತಾವೇ ಎಂದು ಅವರಿಗೆ ನಿಜವಾಗಿಯೂ ಅನಿಸಿರುತ್ತದೆ. ಜೊತೆಗೆ ನೆಂಟರಿಷ್ಟರ ಮಾತು ಬೇರೆ. ಅಂಥ ಹೊತ್ತಿನಲ್ಲಿ ‘ತಪ್ಪು ನಿಮ್ಮದಲ್ಲ, ನಿಮ್ಮ ಕಿಣ್ವದ್ದು’ (ಎನ್ಜೈಮ್ ಅಂದರೆ ಇದೇ) ಎಂದು ಯಾರಾದರೂ ಹೇಳಿದರೆ ಎಷ್ಟು ಸಮಾಧಾನ ಆಗುತ್ತದೆ ಅಲ್ವಾ? ಆ ವಿಡಿಯೋದಲ್ಲಿ ಅರ್ಧ ನಿಜ ಇದೆ. ಆ ಅರ್ಧ ನಿಜವನ್ನು ಮುಂದಿಟ್ಟುಕೊಂಡು ಮಾಲು ಮಾರಿದ್ದಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ಒಂದು ಗೊಂದಲ ಮೊದಲು ಬಿಡಿಸಿಕೊಳ್ಳೋಣ. ನಿಮ್ಮ ಯಜಮಾನರ ರಿಪೋರ್ಟಿನ ‘ಲಿವರ್ ಎನ್ಜೈಮ್’ ಬೇರೆ, ವಿಡಿಯೋದ ಎನ್ಜೈಮ್ ಬೇರೆ. ರಿಪೋರ್ಟಿನಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂದು ಇರುತ್ತದೆ, ನೋಡಿ. ಇವಕ್ಕೂ ಕೊಬ್ಬು ತಯಾರಿಸುವುದಕ್ಕೂ ಸಂಬಂಧ ಇಲ್ಲ. ಇವು ಲಿವರ್‌ನ ಜೀವಕೋಶದ ಒಳಗೆ ಇರಬೇಕಾದವು. ಜೀವಕೋಶಕ್ಕೆ ಪೆಟ್ಟು ಬಿದ್ದರೆ ರಕ್ತಕ್ಕೆ ಸೋರುತ್ತವೆ. ನೀರಿನ ಟಾಕಿ ಬಿರುಕು ಬಿಟ್ಟರೆ ಗೋಡೆಯ ಹೊರಗೆ ತೇವ ಕಾಣುತ್ತದಲ್ಲ, ಹಾಗೆ. ಅವರ ರಿಪೋರ್ಟ್ ಹೇಳುತ್ತಿರುವುದು ‘ಲಿವರ್‌ಗೆ ಪೆಟ್ಟಾಗುತ್ತಿದೆ’ ಎಂದು. ಕೊಬ್ಬು ಕಟ್ಟುವ ಕಿಣ್ವಗಳು ಜೀವಕೋಶದ ಒಳಗೇ ಕೆಲಸ ಮಾಡುತ್ತವೆ. ಅವನ್ನು ಅಳೆದು ‘ನಿಮಗೆ ಜಾಸ್ತಿ, ಅವರಿಗೆ ಕಡಿಮೆ’ ಎಂದು ಹೇಳುವ ರಕ್ತ ಪರೀಕ್ಷೆ ಯಾವ ಊರಿನ ಲ್ಯಾಬಿನಲ್ಲೂ ಇಲ್ಲ. ಯಾರಾದರೂ ಮಾಡಿಕೊಡುತ್ತೇವೆ ಎಂದರೆ ದುಡ್ಡು ಕೊಡಬೇಡಿ.

ಎಣ್ಣೆಗಾಯಿಯ ಎಣ್ಣೆ ಎಲ್ಲಿಗೆ ಹೋಗುತ್ತದೆ?

ರೊಟ್ಟಿಯ ಜೊತೆ ಬದನೆಕಾಯಿ ಎಣ್ಣೆಗಾಯಿ ಬಡಿಸಿದಾಗ ತಾಟಿನ ಅಂಚಿಗೆ ಕೆಂಪಗೆ ಎಣ್ಣೆ ಹರಿದು ಬರುತ್ತದೆ. ಆ ಎಣ್ಣೆಯ ಒಂದೊಂದು ಕಣವೂ ಒಂದು ಗೂಟಕ್ಕೆ ಮೂರು ಹಗ್ಗ ಕಟ್ಟಿದ ಹಾಗೆ ಇರುತ್ತದೆ. ಗೂಟದ ಹೆಸರು ಗ್ಲಿಸರಾಲ್. ಹಗ್ಗಗಳು ಕೊಬ್ಬಿನ ಆಮ್ಲಗಳು. ಮೂರು ಹಗ್ಗ ಇರುವುದಕ್ಕೇ ಅದಕ್ಕೆ ಟ್ರೈಗ್ಲಿಸರೈಡ್ ಎನ್ನುತ್ತಾರೆ. ತಾಟಿನ ಎಣ್ಣೆ, ರಿಪೋರ್ಟಿನ 386, ನಮ್ಮ ಸೊಂಟದ ಕೊಬ್ಬು, ಮೂರೂ ಇದೇ ಮಾಲು.

ಈ ಕಣ ಇಡಿಯಾಗಿ ಕರುಳಿನ ಗೋಡೆ ದಾಟಲಾರದು. ಹಾಗಾಗಿ ಕರುಳಿನಲ್ಲಿ ಲೈಪೇಸ್ ಎಂಬ ಕಿಣ್ವ ಎರಡು ಹಗ್ಗ ಬಿಚ್ಚುತ್ತದೆ. ಬಿಡಿಬಿಡಿಯಾಗಿ ಒಳಗೆ ಹೋದ ಮೇಲೆ ಕರುಳಿನ ಜೀವಕೋಶ ಅದನ್ನು ಮತ್ತೆ ಕಟ್ಟುತ್ತದೆ. ಕೊನೆಯ ಹಗ್ಗವನ್ನು ಗೂಟಕ್ಕೆ ಬಿಗಿಯುವ ಕಿಣ್ವವೇ ಡಿಜಿಎಟಿ. ನಿಮ್ಮ ವಿಡಿಯೋದ ನಾಯಕ ಇದೇ. ಇದರಲ್ಲಿ ಒಂದು, ಎರಡು ಎಂದು ಎರಡು ಬಗೆ. ಕಟ್ಟಿದ ಕೊಬ್ಬು ರಕ್ತದಲ್ಲಿ ಹರಿದು ಕೊಬ್ಬಿನ ಕೋಶದ ಬಾಗಿಲಿಗೆ ಬರುತ್ತದೆ. ಅಲ್ಲಿ ಲೈಪೊಪ್ರೋಟೀನ್ ಲೈಪೇಸ್ ಎಂಬ ಇನ್ನೊಂದು ಕಿಣ್ವ ಮತ್ತೆ ಬಿಚ್ಚುತ್ತದೆ, ಒಳಗೆ ಹೋದ ಮೇಲೆ ಡಿಜಿಎಟಿ ಮತ್ತೆ ಕಟ್ಟುತ್ತದೆ. ಕಟ್ಟಿಗೆಯ ಹೊರೆ ಸಣ್ಣ ಬಾಗಿಲಲ್ಲಿ ಹೋಗದಿದ್ದರೆ ಹೊರಗೆ ಬಿಚ್ಚಿ, ಒಳಗೆ ಒಯ್ದು ಕಟ್ಟುತ್ತೇವಲ್ಲ, ಅದೇ ಕೆಲಸ. ನಮ್ಮ ದೇಹ ದಿನವೂ ಇದನ್ನು ಮಾಡುತ್ತದೆ. ನಿಮ್ಮಲ್ಲೂ, ನಿಮ್ಮ ಯಜಮಾನರಲ್ಲೂ, ನನ್ನಲ್ಲೂ.

ಇದು ತಿಂದ ಎಣ್ಣೆಯೇ ಮೈಯ ಕೊಬ್ಬಾಗುವ ದಾರಿ. ಇನ್ನೊಂದು ದಾರಿ ಇದೆ. ಸಕ್ಕರೆ, ಹಿಟ್ಟು ಮಿತಿಮೀರಿ ಬಂದರೆ ಲಿವರ್ ಅದರಿಂದಲೇ ಹೊಸ ಕೊಬ್ಬು ತಯಾರಿಸುತ್ತದೆ. ಇದನ್ನು ಮಾಡುವವು ಬೇರೆ ಕಿಣ್ವಗಳು. ಫ್ಯಾಟಿ ಆಸಿಡ್ ಸಿಂಥೇಸ್ ಅವುಗಳಲ್ಲಿ ಮುಖ್ಯವಾದುದು. ಮಾಮೂಲಿ ಊಟ ಮಾಡುವ ಆರೋಗ್ಯವಂತರಲ್ಲಿ ಈ ದಾರಿಯಿಂದ ಬರುವ ಕೊಬ್ಬು ತೀರ ಸ್ವಲ್ಪ. ಹಾಗಾದರೆ ರೊಟ್ಟಿ, ಅನ್ನಕ್ಕೆ ಪಾತ್ರವೇ ಇಲ್ಲವೇ? ಇದೆ. ಉಂಡಾಗ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಇದ್ದಾಗ ದೇಹ ಸಕ್ಕರೆಯನ್ನು ಮೊದಲು ಉರಿಸುತ್ತದೆ, ಕೊಬ್ಬಿನ ಕೋಶದ ಬೀಗ ಹಾಕುತ್ತದೆ. ಅದೇ ಊಟದಲ್ಲಿ ಬಂದ ಎಣ್ಣೆ ಸೀದಾ ಒಳಗೆ ಸೇರುತ್ತದೆ.

ಅಂದರೆ ಕಿಣ್ವ ತಾನಾಗಿ ಏನನ್ನೂ ತೀರ್ಮಾನ ಮಾಡುವುದಿಲ್ಲ. ನಿಮ್ಮ ಯಜಮಾನರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಹಂಗಾಮಿನಲ್ಲಿ ಕಬ್ಬಿನ ಗಾಡಿ ಬಂದಷ್ಟೂ ಕಾರ್ಖಾನೆ ಅರೆಯುತ್ತದೆ. ಗಾಡಿಗಳ ಸಾಲು ಗೇಟಿನ ಹೊರಗೆ ನಿಂತಿರುವಾಗ ಒಳಗಿನ ಮಿಲ್ಲನ್ನು ಬಂದ್ ಮಾಡಿದರೆ ಕಬ್ಬು ಗಾಡಿಯಲ್ಲೇ ಒಣಗುತ್ತದೆ. ಸಮಸ್ಯೆ ಅಂಗಳಕ್ಕೆ ಬರುತ್ತದೆ ಅಷ್ಟೇ.

ಇಲಿಗಳ ಕಥೆ, ಒಬ್ಬ ಹುಡುಗಿಯ ಕಥೆ

ಇಲಿಗಳ ವಿಷಯ ನಿಜ. 2000ದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಗಳು ಡಿಜಿಎಟಿ-1 ಇಲ್ಲದ ಇಲಿಗಳ ಬಗ್ಗೆ ಬರೆದರು. ಕೊಬ್ಬು ತುಂಬಿದ ಆಹಾರ ಕೊಟ್ಟರೂ ಅವು ತೆಳ್ಳಗೇ ಇದ್ದವು, ಜಾಸ್ತಿ ಶಕ್ತಿಯನ್ನೂ ಉರಿಸುತ್ತಿದ್ದವು. ಔಷಧ ಕಂಪನಿಗಳು ಸುಮ್ನೆ ಕೂರಲಿಲ್ಲ. ಡಿಜಿಎಟಿ-1 ತಡೆಯುವ ಗುಳಿಗೆಗಳನ್ನು ಮಾಡಿ ಮನುಷ್ಯರಿಗೆ ಕೊಟ್ಟು ನೋಡಿದರು. ವಾಕರಿಕೆ, ಭೇದಿ ಶುರುವಾಯಿತು. ಇಲಿಯ ಕರುಳಿನಲ್ಲಿ ಡಿಜಿಎಟಿಯ ಎರಡೂ ಬಗೆ ಇರುತ್ತವೆ, ಒಂದು ಹೋದರೆ ಇನ್ನೊಂದು ನಿಭಾಯಿಸುತ್ತದೆ. ನಮ್ಮ ಕರುಳು ಹೆಚ್ಚಾಗಿ ಮೊದಲನೆಯದನ್ನೇ ನಂಬಿದೆ. ಅದನ್ನು ತಡೆದರೆ ಬಿಚ್ಚಿದ ಕೊಬ್ಬು ಕಟ್ಟುವವರಿಲ್ಲದೆ ಕರುಳನ್ನೇ ಕೆರಳಿಸುತ್ತದೆ. ಹುಟ್ಟಿನಿಂದಲೇ ಈ ಕಿಣ್ವ ಕೆಟ್ಟಿರುವ ಮಕ್ಕಳಿದ್ದಾರೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅವರಿಗೆ ನಿಲ್ಲದ ಭೇದಿ ಹತ್ತುತ್ತದೆ ಎಂದು 2012ರಲ್ಲಿ ವರದಿಯಾಯಿತು. ಡಿಜಿಎಟಿ-2 ಇಲ್ಲದ ಇಲಿಮರಿಗಳಂತೂ ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತವು. ವಿಡಿಯೋ ಮಾಡಿದವರು ಇದನ್ನು ಹೇಳಿರುವುದಿಲ್ಲ.

ನಾನು ಎಂ.ಡಿ. ಓದುವಾಗ ನೋಡಿದ ಒಬ್ಬ ಹುಡುಗಿ ಇವತ್ತಿಗೂ ಕಣ್ಣ ಮುಂದೆ ಇದ್ದಾಳೆ. ಆಗ ಅವಳಿಗೆ 14. ದೂರದಿಂದ ನೋಡಿದರೆ ಕುಸ್ತಿಪಟುವಿನ ಮೈಕಟ್ಟು. ತೋಳಿನ ಮೇಲೆ ರಕ್ತನಾಳಗಳು ಹುರಿಯ ಹಾಗೆ ಎದ್ದು ಕಾಣುತ್ತಿದ್ದವು. ಕೆನ್ನೆ ಒಳಗೆ ಹೋಗಿತ್ತು. ಕತ್ತಿನ ಹಿಂದೆ ಕಪ್ಪು ಪಟ್ಟಿ. ಚರ್ಮ ಚಿವುಟಿದರೆ ಬೆರಳಿಗೆ ಬರೀ ಚರ್ಮ ಸಿಗುತ್ತಿತ್ತು, ಕೆಳಗೆ ಕೊಬ್ಬೇ ಇರಲಿಲ್ಲ. ಸದಾ ಹಸಿವು ಅವಳಿಗೆ. ತಾಯಿ ಕೈಚೀಲದಲ್ಲಿ ರೊಟ್ಟಿ ಕಟ್ಟಿಕೊಂಡೇ ಬರುತ್ತಿದ್ದರು. ಹುಡುಗಿಯ ರಕ್ತದ ಸಕ್ಕರೆ ಎಷ್ಟು ಇನ್ಸುಲಿನ್ ಕೊಟ್ಟರೂ ಇಳಿಯುತ್ತಿರಲಿಲ್ಲ. ಲಿವರ್ ಹಿಗ್ಗಿ ಹೊಕ್ಕುಳದ ತನಕ ಬಂದಿತ್ತು. ಕೊಬ್ಬು ಕಟ್ಟುವ ಸಾಲಿನ ಒಂದು ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದಿದ್ದರೆ ಹೀಗೆ ಆಗುತ್ತದೆ. ಲೈಪೊಡಿಸ್ಟ್ರಫಿ ಎನ್ನುತ್ತಾರೆ, ಬಹಳ ಅಪರೂಪ. ಮೈಯಲ್ಲಿ ಕೊಬ್ಬೇ ಇಲ್ಲದ ಮಗುವಿಗೆ, ಬೊಜ್ಜು ಇರುವವರಿಗೆ ಬರುವ ಎಲ್ಲ ಕಾಯಿಲೆಗಳೂ ಅವರಿಗಿಂತ ಜೋರಾಗಿ ಬರುತ್ತವೆ.

ಯಾಕೆ ಹೀಗೆ? ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಇದ್ದರೆ ಕಾಳು ಭದ್ರ. ಹಗೇವೇ ಇಲ್ಲದಿದ್ದರೆ ಅಥವಾ ತುಂಬಿಹೋದರೆ ಚೀಲಗಳು ಪಡಸಾಲೆಗೆ ಬರುತ್ತವೆ, ಅಡುಗೆಮನೆಗೂ ಬರುತ್ತವೆ, ಓಡಾಡಲು ಜಾಗ ಇರುವುದಿಲ್ಲ. ಚರ್ಮದ ಕೆಳಗಿನ ಕೊಬ್ಬು ನಮ್ಮ ಹಗೇವು. ಅಲ್ಲಿ ಕೂತ ಕೊಬ್ಬು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಜಾಗ ಸಾಲದೆ ಲಿವರ್, ಮೇದೋಜೀರಕ ಗ್ರಂಥಿ, ಸ್ನಾಯು ಇಲ್ಲೆಲ್ಲ ತುಂಬಿಕೊಂಡಾಗ ಕಾಯಿಲೆ ಶುರುವಾಗುತ್ತದೆ. ಕೊಬ್ಬು ಕಟ್ಟುವ ಕಿಣ್ವ ನಮ್ಮನ್ನು ದಿನವೂ ಇದರಿಂದ ಕಾಪಾಡುತ್ತಿದೆ. ಈ ಒಂದು ಮಾತು ತಿಳಿದರೆ ನಿಮ್ಮ ಯಜಮಾನರ ರಿಪೋರ್ಟ್ ಅರ್ಥವಾಗುತ್ತದೆ.

ನಿಮಗಿಂತ ನಿಮ್ಮ ಯಜಮಾನರ ಬಗ್ಗೆ ನನಗೆ ಚಿಂತೆ

ನೇರವಾಗಿ ಹೇಳುತ್ತೇನೆ, ಗಾಬರಿ ಆಗಬೇಡಿ. ಪತ್ರ ಓದಿದ ಮೇಲೆ ಮೊದಲು ಪರೀಕ್ಷೆ ಆಗಬೇಕಾದವರು ಅವರು ಅನಿಸಿತು. ಕೈಕಾಲು ತೆಳ್ಳಗೆ, ಸಣ್ಣ ಹೊಟ್ಟೆ, ಟ್ರೈಗ್ಲಿಸರೈಡ್ 386, ಎಸ್‌ಜಿಪಿಟಿ ಜಾಸ್ತಿ. ಇದು ಕೊಬ್ಬು ತುಂಬಿದ ಲಿವರ್‌ನ ಚಿತ್ರ. ಅವರ ಹಗೇವು ಚಿಕ್ಕದು, ಬೇಗ ತುಂಬಿದೆ. ಚೀಲಗಳು ಅಡುಗೆಮನೆಗೆ ಬಂದಿವೆ.

ನಮ್ಮ ಜನರಲ್ಲಿ ಇದು ಬಹಳ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹವನ್ನೇ ಅಳೆದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫೋಟೋ ಸಮೇತ ಹಾಕಿದರು. ಇಬ್ಬರ ಬಿಎಂಐಯೂ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1. ಯಾಜ್ಞಿಕ್ ದೇಹದಲ್ಲಿ ಶೇ. 21.2. ತೂಕದ ಯಂತ್ರ ಇದನ್ನು ತೋರಿಸುವುದಿಲ್ಲ. ಅದಕ್ಕೇ ನಮ್ಮಲ್ಲಿ ಸೊಂಟದ ಸುತ್ತಳತೆ ನೋಡಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಟೇಲರ್ ಟೇಪನ್ನು ಹೊಕ್ಕುಳದ ಹತ್ತಿರ ಸಡಿಲವಾಗಿ ಹಿಡಿದು, ಉಸಿರು ಬಿಟ್ಟು ಅಳೆಯಿರಿ.

ಅವರ ಲಿವರ್‌ಗೆ ಕೊಬ್ಬು ಎಲ್ಲಿಂದ ಬರುತ್ತದೆ? ಅಮೆರಿಕದಲ್ಲಿ 2005ರಲ್ಲಿ ಇದನ್ನು ಅಳೆದರು. ಕೊಬ್ಬು ತುಂಬಿದ ಲಿವರ್ ಇದ್ದವರಲ್ಲಿ ಲಿವರ್‌ನ ಕೊಬ್ಬಿನ ಶೇ. 59ರಷ್ಟು ಮೈಯ ಸಂಗ್ರಹದಿಂದ ಹರಿದು ಬಂದದ್ದು, ಶೇ. 15ರಷ್ಟು ಊಟದ ಕೊಬ್ಬು, ಶೇ. 26ರಷ್ಟು ಲಿವರ್ ಹೊಸದಾಗಿ ತಯಾರಿಸಿದ್ದು. ಆರೋಗ್ಯವಂತರಲ್ಲಿ ಆ ಎರಡನೇ ದಾರಿ ತೀರ ಸ್ವಲ್ಪ ಎಂದೆನಲ್ಲ, ಇಂಥವರಲ್ಲಿ ಅದು ಕಾಲು ಭಾಗ. ಕೊಬ್ಬು ತಯಾರಿಸುವ ಕಿಣ್ವ ನಿಜವಾಗಿ ಜೋರಾಗಿರುವುದು ನಿಮ್ಮ ಮನೆಯಲ್ಲಿ ತೆಳ್ಳಗಿರುವವರ ಲಿವರ್‌ನಲ್ಲಿ ಇರಬಹುದು!

ಆ ಕಿಣ್ವಗಳಿಗೆ ಎಲ್ಲಕ್ಕಿಂತ ಇಷ್ಟವಾದ ಕಚ್ಚಾ ಮಾಲು ಸಕ್ಕರೆ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದರ ಹೆಚ್ಚಿನ ಪಾಲು ಲಿವರ್‌ಗೇ ಹೋಗುತ್ತದೆ. ಅವರು ಪಾಳಿಯಲ್ಲಿ ಎಷ್ಟು ಚಹಾ ಕುಡಿಯುತ್ತಾರೆ ಕೇಳಿ ನೋಡಿ. ನಮ್ಮ ಕಡೆ ಎಂಟು ಕಪ್ಪು ಅಂದರೆ ಆಶ್ಚರ್ಯ ಇಲ್ಲ. ಕಪ್ಪಿಗೆ ಎರಡು ಚಮಚ ಅಂದರೂ ದಿನಕ್ಕೆ 80 ಗ್ರಾಂ ಸಕ್ಕರೆ, 320 ಕ್ಯಾಲೊರಿ. ಬೆಲ್ಲದ ಚಹಾ ಕುಡಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಮುಧೋಳ, ಮಹಾಲಿಂಗಪುರ ಕಡೆ ಗಟ್ಟಿಯಾಗಿದೆ. ಬೆಲ್ಲದ ಹೆಚ್ಚಿನ ಭಾಗವೂ ಸಕ್ಕರೆಯೇ. ಲಿವರ್‌ಗೆ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗೆಯೇ ಅವರಿಗೆ ಸೆರೆ ಕುಡಿಯುವ ಅಭ್ಯಾಸ ಇದ್ದರೆ, ವಾರಕ್ಕೊಮ್ಮೆ ಆದರೂ, ಡಾಕ್ಟರ ಮುಂದೆ ಮುಚ್ಚಿಡಬಾರದು. ಟ್ರೈಗ್ಲಿಸರೈಡನ್ನೂ ಎಸ್‌ಜಿಪಿಟಿಯನ್ನೂ ಅದು ಒಟ್ಟಿಗೇ ಏರಿಸುತ್ತದೆ.

386 ತುರ್ತು ಅಲ್ಲ. 500 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಶುರುವಾಗುತ್ತದೆ, 1,000 ದಾಟಿದರೆ ಅದು ಬಹಳ ಜಾಸ್ತಿ. ಹಿಂದೊಮ್ಮೆ ಇಂಡಿ ಕಡೆಯ ರೈತರೊಬ್ಬರು ಹೊಟ್ಟೆನೋವು ಅಂತ ಮಡಚಿಕೊಂಡು ಬಂದಿದ್ದರು. ಲ್ಯಾಬಿನ ಹುಡುಗ ರಕ್ತದ ನಳಿಕೆ ಹಿಡಿದುಕೊಂಡು ನನ್ನ ಕೋಣೆಗೇ ಓಡಿ ಬಂದ. ಕೆಳಗೆ ಕೆಂಪು ರಕ್ತ ಕೂತಿತ್ತು, ಮೇಲೆ ತಿಳಿ ಹಳದಿ ಇರಬೇಕಾದ ಕಡೆ ಹಾಲಿನ ಹಾಗೆ ಬೆಳ್ಳಗಿತ್ತು. ಟ್ರೈಗ್ಲಿಸರೈಡ್ 1,800 ದಾಟಿತ್ತು. ಅವರೂ ತೆಳ್ಳಗಿನ ಮನುಷ್ಯ. ಬದುಕಿಕೊಂಡರು, ಆದರೆ ಐಸಿಯುನಲ್ಲಿ ಒಂಬತ್ತು ದಿನ ಇರಬೇಕಾಯಿತು.

ಕ್ಯಾಪ್ಸೂಲಿನ ಒಳಗೆ ಏನಿದೆ?

ಗಾರ್ಸಿನಿಯಾ ಎಂದರೆ ನಮ್ಮ ಮಲೆನಾಡಿನ ಉಪ್ಪಗೆ ಹಣ್ಣು. ಖಾನಾಪುರದ ಕಾಡಿನಲ್ಲಿ ಸಿಗುವ, ಬೆಳಗಾವಿಯವರು ಅಮಸೋಲ ಎನ್ನುವ ಮುರುಗಲಿನ ಅಣ್ಣತಮ್ಮ. ಇದರ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ಸಕ್ಕರೆಯಿಂದ ಕೊಬ್ಬು ಮಾಡುವ ದಾರಿಯ ಮೊದಲ ಒಂದು ಕಿಣ್ವವನ್ನು ಅದು ಗಾಜಿನ ನಳಿಕೆಯಲ್ಲಿ ತಡೆಯುವುದು ನಿಜ. ಮನುಷ್ಯರಲ್ಲಿ? 1998ರಲ್ಲಿ ಅಮೆರಿಕದಲ್ಲಿ 135 ಜನರಿಗೆ 12 ವಾರ ಕೊಟ್ಟು ನೋಡಿದರು. ಅರ್ಧ ಜನರಿಗೆ ಗಾರ್ಸಿನಿಯಾ, ಉಳಿದವರಿಗೆ ಹುಸಿ ಗುಳಿಗೆ. ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದಕ್ಕೆ ಆಶ್ಚರ್ಯ ಪಡಬೇಕಿಲ್ಲ. ನಿಮ್ಮ ಮೈಯ ಕೊಬ್ಬಿನ ಹೆಚ್ಚಿನ ಭಾಗ ಆ ದಾರಿಯಿಂದ ಬಂದದ್ದೇ ಅಲ್ಲವಲ್ಲ.

ಲಾಭ ಇಲ್ಲದಿದ್ದರೆ ನಷ್ಟವೂ ಇಲ್ಲ ಎನ್ನುವ ಹಾಗಿಲ್ಲ. ಗಾರ್ಸಿನಿಯಾ ಇರುವ ಇಂಥ ಮಾತ್ರೆಗಳಿಂದ ಲಿವರ್‌ಗೆ ಹಾನಿಯಾದ ಪ್ರಕರಣಗಳು ಬೇರೆ ಬೇರೆ ದೇಶಗಳಿಂದ ವರದಿಯಾಗಿವೆ. ಕೆಲವರಿಗೆ ಲಿವರ್ ಕಸಿ ಮಾಡಬೇಕಾಗಿ ಬಂತು. ಅಪರೂಪ ನಿಜ, ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಸಾರಿಗೆ ಹಾಕುವ ಉಪ್ಪಗೆ, ಮನೆಯಲ್ಲಿ ಮಾಡುವ ಸೋಲಕಡಿಗೆ ಹೆದರಬೇಕಿಲ್ಲ. ಹೆದರಿಕೆ ಇರುವುದು ಸಾರ ತೆಗೆದು ತುಂಬಿದ ಕ್ಯಾಪ್ಸೂಲಿನದ್ದು. ಕ್ಯಾಪ್ಸೂಲ್ ಬಿಟ್ಟ ಎರಡು ವಾರಕ್ಕೆ ನೀವೂ ಒಮ್ಮೆ ಲಿವರ್ ಪರೀಕ್ಷೆ ಮಾಡಿಸಿ. ಮೂತ್ರ ಕಡು ಹಳದಿ ಆದರೆ, ಕಣ್ಣು ಹಳದಿ ಆದರೆ, ಊಟ ಸೇರದಿದ್ದರೆ ಎರಡು ವಾರ ಕಾಯಬೇಡಿ.

ಇನ್ನು ನಿಮ್ಮ ವಿಷಯ

ಮಕ್ಕಳಾಗದ ಆಪರೇಷನ್‌ನಿಂದ ಮೈ ಬರುವುದಿಲ್ಲ. ಅದರಲ್ಲಿ ಗರ್ಭನಾಳ ಕಟ್ಟುತ್ತಾರೆ. ಹಾರ್ಮೋನ್ ಮಾಡುವ ಅಂಡಾಶಯವನ್ನು ಮುಟ್ಟುವುದಿಲ್ಲ. ಬಸಿರಿನಲ್ಲಿ ಬಂದ ತೂಕ, ಬಾಣಂತನದ ತುಪ್ಪ, ಅಂಟಿನುಂಡಿ, ನಿದ್ದೆಗೆಟ್ಟ ರಾತ್ರಿಗಳು ಎಲ್ಲ ಅದೇ ಕಾಲಕ್ಕೆ ಬರುವುದರಿಂದ ಆಪರೇಷನ್ ಮೇಲೆ ಹೆಸರು ಬಂದಿದೆ.

‘ನನ್ನ ಮೆಟಬಾಲಿಸಂ ಸ್ಲೋ’ ಎಂಬುದೂ ಹೆಚ್ಚಿನವರಲ್ಲಿ ನಿಜ ಅಲ್ಲ. ದೊಡ್ಡ ದೇಹ ಸುಮ್ಮನೆ ಮಲಗಿದ್ದರೂ ಸಣ್ಣ ದೇಹಕ್ಕಿಂತ ಜಾಸ್ತಿ ಶಕ್ತಿ ಉರಿಸುತ್ತದೆ. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕ ಹಾಕಿ ನೋಡಿದಾಗ, ಮೈಗಾತ್ರದ ಲೆಕ್ಕ ಹೊಂದಿಸಿದರೆ 20ರಿಂದ 60 ವಯಸ್ಸಿನ ತನಕ ಶಕ್ತಿ ಉರಿಯುವ ವೇಗ ಹೆಚ್ಚು ಕಡಿಮೆ ಒಂದೇ ಇರುತ್ತದೆ ಎಂದು ಗೊತ್ತಾಯಿತು. ವಂಶದ ಪಾತ್ರ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಎಫ್‌ಟಿಒ ಎಂಬ ಜೀನ್ 2007ರಲ್ಲಿ ಪತ್ತೆಯಾಯಿತು. ತಂದೆ ತಾಯಿ ಇಬ್ಬರಿಂದಲೂ ಅದರ ಒಂದು ಬಗೆ ಬಂದವರು ಬಾರದವರಿಗಿಂತ ಸರಾಸರಿ 3 ಕಿಲೋ ಜಾಸ್ತಿ ತೂಗುತ್ತಾರೆ. ಅದರ ಪರಿಣಾಮ ಮುಖ್ಯವಾಗಿ ಹಸಿವಿನ ಮೇಲೆ. ಬೊಜ್ಜಿನ ಜೀನ್‌ಗಳಲ್ಲಿ ಬಹುಪಾಲು ಹೀಗೆಯೇ, ಮೆದುಳಿನಲ್ಲಿ ‘ಸಾಕು’ ಎನ್ನುವ ಮಾತನ್ನು ತಡವಾಗಿ ಹೇಳಿಸುತ್ತವೆ. ಆದ್ದರಿಂದ ಜೀನ್ ಪರೀಕ್ಷೆ ಮಾಡಿಸಿದರೂ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ.

ಎರಡೇ ರೊಟ್ಟಿ ಎಂದಿದ್ದೀರಿ, ನಂಬುತ್ತೇನೆ. ರೊಟ್ಟಿ ನಿಮ್ಮ ತೊಂದರೆ ಅಲ್ಲ. ರೊಟ್ಟಿಯ ಅಕ್ಕಪಕ್ಕ ನೋಡೋಣ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಎಣ್ಣೆ ಮುಗಿದರೆ ತಲೆಗೆ ದಿನಕ್ಕೆ 38 ಗ್ರಾಂ. ಬರೀ ಎಣ್ಣೆಯಿಂದ 340 ಕ್ಯಾಲೊರಿ, ಎರಡು ರೊಟ್ಟಿಯಷ್ಟು. ಅದನ್ನು 3 ಲೀಟರಿಗೆ ತಂದರೆ ತಲೆಗೆ ದಿನಕ್ಕೆ 15 ಗ್ರಾಂ ಕಡಿಮೆಯಾಗುತ್ತದೆ. ಒಂದು ಹಿಡಿ ಹುರಿದ ಶೇಂಗಾ, 30 ಗ್ರಾಂ, ಇನ್ನೊಂದು ರೊಟ್ಟಿಗೆ ಸಮ. ಶೇಂಗಾ ಒಳ್ಳೆಯದೇ, ಆದರೆ ಹಿಂಡಿ, ಪಲ್ಯದ ಪುಡಿ, ಸಂಜೆಯ ಚುರುಮುರಿ ಎಲ್ಲ ಕಡೆಯೂ ಅದು ಇರುತ್ತದಲ್ಲ.

ಒಪ್ಪತ್ತಿನ ದಿನ ಸಾಬೂದಾಣಿ ಖಿಚಡಿ ಮಾಡುತ್ತೀರಾ? 75 ಗ್ರಾಂ ಸಾಬೂದಾಣಿ, ಒಂದು ಹಿಡಿ ಶೇಂಗಾ ಪುಡಿ, ಒಂದು ದೊಡ್ಡ ಚಮಚ ಎಣ್ಣೆ ಸೇರಿದರೆ 560 ಕ್ಯಾಲೊರಿ. ಮೂರು ರೊಟ್ಟಿಗಿಂತ ಜಾಸ್ತಿ, ಅದೂ ಕಾಳು, ಸೊಪ್ಪು ಏನೂ ಇಲ್ಲದೆ. ದೇವರ ಮೇಲಿನ ಭಕ್ತಿಗೆ ನಾನು ಅಡ್ಡ ಬರುವುದಿಲ್ಲ. ಹಣ್ಣು, ಮಜ್ಜಿಗೆ, ಸ್ವಲ್ಪ ಶೇಂಗಾ ಇಟ್ಟುಕೊಂಡು ಮಾಡಿ. ಒಪ್ಪತ್ತಿನ ಮರುದಿನ ಹಸಿವಿನಲ್ಲಿ ಎರಡು ದಿನದ್ದು ಒಟ್ಟಿಗೆ ಉಣ್ಣುತ್ತಿದ್ದೀರಾ ಎಂಬುದನ್ನೂ ಗಮನಿಸಿ.

ಲೆಕ್ಕ ತಪ್ಪುವುದು ಮನುಷ್ಯ ಸ್ವಭಾವ. 1992ರಲ್ಲಿ ನ್ಯೂಯಾರ್ಕಿನಲ್ಲಿ ‘ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ’ ಎಂದವರನ್ನು ಪರೀಕ್ಷೆ ಮಾಡಿದರು. ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು. ಅವರ ಮೆಟಬಾಲಿಸಂ ಸರಿಯಾಗಿಯೇ ಇತ್ತು. ಮಕ್ಕಳ ತಾಟಿನಲ್ಲಿ ಉಳಿದದ್ದು, ಒಲೆಯ ಮುಂದೆ ರುಚಿ ನೋಡಿದ್ದು ಯಾರಿಗೆ ನೆನಪಿರುತ್ತದೆ ಹೇಳಿ? ಒಂದೇ ವಾರ, ಬಾಯಿಗೆ ಹೋದದ್ದನ್ನೆಲ್ಲ ಆಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ.

ಇದೆಲ್ಲದರ ಜೊತೆ ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆಯ ಎಚ್‌ಬಿಎ1ಸಿ, ರಕ್ತದ ಕೊಬ್ಬಿನ ಲಿಪಿಡ್ ಪರೀಕ್ಷೆ ಒಮ್ಮೆ ಆಗಲಿ. ಥೈರಾಯ್ಡ್ ಕಡಿಮೆ ಇದ್ದರೆ ಮಾತ್ರೆ ಬೇಕು, ಆದರೆ ಅದರಿಂದ ಬರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ, ಅದರಲ್ಲೂ ಹೆಚ್ಚಿನದು ನೀರು. ಮುಟ್ಟು ಏರುಪೇರಾಗುತ್ತಿದ್ದರೆ ಹೇಳಿ. ಮೊಣಕಾಲು ನೋವಿಗೆ ಎಂದು ಹೆಸರಿಲ್ಲದ ಪುಡಿ, ಗುಳಿಗೆ ತಗೊಳ್ಳುತ್ತಿದ್ದರೆ ಅದನ್ನೂ ತೋರಿಸಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದರೆ ಮುಖ, ಹೊಟ್ಟೆ ಊದಿಕೊಳ್ಳುವುದನ್ನು ಬಹಳ ನೋಡಿದ್ದೇನೆ.

ಏನೇನು ದಾರಿ ಇದೆ?

ನಿಮ್ಮ ಬಿಎಂಐ 30ರ ಹತ್ತಿರ ಇದೆ. ಭಾರತೀಯರಿಗೆ 25 ದಾಟಿದರೆ ಬೊಜ್ಜು ಎನ್ನುತ್ತೇವೆ. ಮೊದಲ ಗುರಿ 3.5 ಕಿಲೋ ಮಾತ್ರ, ನಿಮ್ಮ ತೂಕದ ಶೇ. 5. ಅಷ್ಟಕ್ಕೇ ಲಿವರ್‌ನ ಕೊಬ್ಬು ಇಳಿಯಲು ಶುರುವಾಗುತ್ತದೆ, ಸಕ್ಕರೆಯೂ ಹತೋಟಿಗೆ ಬರುತ್ತದೆ. ಆಮೇಲೆ 7 ಕಿಲೋ ಯೋಚಿಸೋಣ. ರೊಟ್ಟಿ ಎರಡು ಇರಲಿ. ಜೊತೆಗೆ ಮಡಿಕೆಕಾಳು, ಹೆಸರುಕಾಳು ಅಥವಾ ಬೇಳೆ ಒಂದು ಬಟ್ಟಲು ತುಂಬ, ಹಸಿ ಮೆಂತ್ಯ, ಸೌತೆಕಾಯಿ, ಮೊಸರು. ರೊಟ್ಟಿ ಬಿಟ್ಟು ಬಿಸ್ಕತ್ತು ತಿನ್ನುವುದಕ್ಕಿಂತ ಇದು ಎಷ್ಟೋ ಮೇಲು. ಊಟ ಆದ ಮೇಲೆ 15 ನಿಮಿಷ ಓಣಿಯಲ್ಲೇ ನಡೆಯಿರಿ. ದುಡಿಯುವ ಸ್ನಾಯುವಿನ ಬಾಗಿಲಲ್ಲೂ ಅದೇ ಲೈಪೊಪ್ರೋಟೀನ್ ಲೈಪೇಸ್ ಇದೆ. ನಡೆದಾಗ ಅದು ಚುರುಕಾಗಿ ರಕ್ತದ ಕೊಬ್ಬನ್ನು ಉರಿಸಲು ಒಳಗೆ ಎಳೆದುಕೊಳ್ಳುತ್ತದೆ. ಕಿಣ್ವವನ್ನು ನಮ್ಮ ಪರವಾಗಿ ದುಡಿಸಿಕೊಳ್ಳುವುದು ಅಂದರೆ ಇದು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, 10 ಸಲ, ಸ್ವಲ್ಪ ಬಿಟ್ಟು ಮತ್ತೆ 10 ಸಲ.

ಒಂದು ಮಾತು ಮುಚ್ಚಿಡುವುದಿಲ್ಲ. ತೂಕ ಇಳಿದ ಮೇಲೆ ದೇಹ ಅದನ್ನು ವಾಪಸ್ ಪಡೆಯಲು ನೋಡುತ್ತದೆ. ಹಸಿವು ಜಾಸ್ತಿಯಾಗುತ್ತದೆ, ಶಕ್ತಿ ಉರಿಯುವುದು ಕಡಿಮೆಯಾಗುತ್ತದೆ. ತೀರ ದಪ್ಪ ಇದ್ದವರು ತೂಕ ಇಳಿಸಿದ ಮೇಲೆ ಅವರ ಕೊಬ್ಬಿನ ಕೋಶದ ಬಾಗಿಲಿನ ಆ ಕಿಣ್ವ ಮೊದಲಿಗಿಂತ ಜೋರಾಗಿತ್ತು ಎಂದು 1990ರ ಒಂದು ಅಧ್ಯಯನ ತೋರಿಸಿತು. ನಿಮ್ಮ ವಿಡಿಯೋದ ಅರ್ಧ ನಿಜ ಎಂದೆನಲ್ಲ, ಅದು ಇಲ್ಲಿದೆ. ಆದ್ದರಿಂದ ಇಳಿದ ತೂಕ ಒಂದೆರಡು ಕಿಲೋ ವಾಪಸ್ ಬಂದರೆ ಮನಸ್ಸು ಗಟ್ಟಿ ಇಲ್ಲ ಎಂದು ನಿಮ್ಮನ್ನೇ ಹಳಿದುಕೊಳ್ಳಬೇಡಿ. ನಿಧಾನವಾಗಿ, ವಾರಕ್ಕೆ ಅರ್ಧ ಕಿಲೋ ಒಳಗೆ ಇಳಿಸಿ.

ಆರು ತಿಂಗಳು ಪ್ರಾಮಾಣಿಕವಾಗಿ ಮಾಡಿಯೂ ಆಗದಿದ್ದರೆ ಔಷಧ ಇದೆ. ಆರ್ಲಿಸ್ಟಾಟ್ ಕರುಳಿನ ಲೈಪೇಸನ್ನು ತಡೆದು, ತಿಂದ ಕೊಬ್ಬಿನ ಮೂರನೇ ಒಂದು ಭಾಗದಷ್ಟನ್ನು ಹೊರಗೆ ಹಾಕುತ್ತದೆ. ಎಣ್ಣೆ ಜಾಸ್ತಿ ಉಂಡರೆ ಮಲದಲ್ಲಿ ಎಣ್ಣೆ ಸೋರುತ್ತದೆ, ಬಟ್ಟೆ ಕೆಡುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳೂ ಕಡಿಮೆಯಾಗುತ್ತವೆ. ನಮ್ಮ ಕಡೆಯ ಊಟಕ್ಕೆ ಹೆಚ್ಚಿನವರು ಇದನ್ನು ತಡೆದುಕೊಳ್ಳುವುದಿಲ್ಲ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ವಾರಕ್ಕೊಮ್ಮೆಯ ಇಂಜೆಕ್ಷನ್‌ಗಳು ಬಹಳ ಪರಿಣಾಮಕಾರಿ. ದೊಡ್ಡ ಅಧ್ಯಯನಗಳಲ್ಲಿ ಒಂದೂಕಾಲು ವರ್ಷದ ಆಸುಪಾಸಿನಲ್ಲಿ ಸರಾಸರಿ ಶೇ. 15ರಿಂದ 20ರಷ್ಟು ತೂಕ ಇಳಿಯಿತು. ಇವು ಕೊಬ್ಬು ಕಟ್ಟುವ ಕಿಣ್ವದ ತಂಟೆಗೆ ಹೋಗುವುದಿಲ್ಲ. ಹಸಿವನ್ನು ತಗ್ಗಿಸುತ್ತವೆ, ಗೇಟಿಗೆ ಬರುವ ಗಾಡಿಗಳೇ ಕಡಿಮೆಯಾಗುತ್ತವೆ. ವಾಂತಿ, ಮಲಬದ್ಧತೆ, ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಊತ ಬರಬಹುದು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ವಾಪಸ್ ಬಂತು. ಖರ್ಚೂ ಇದೆ. ನಿಮಗೆ ಈಗಲೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಸಕ್ಕರೆ ಕಾಯಿಲೆ ಬಂದಿದ್ದರೆ ಮಾತು ಬೇರೆ. ಶಸ್ತ್ರಚಿಕಿತ್ಸೆ ನಿಮ್ಮ ವಿಷಯಕ್ಕೆ ಬರುವುದೇ ಇಲ್ಲ.

ಯಜಮಾನರಿಗೆ ಮೊದಲ ಔಷಧ ಸಕ್ಕರೆ ಹಾಕದ ಚಹಾ. ಒಮ್ಮೆಲೇ ಆಗದಿದ್ದರೆ ವಾರಕ್ಕೆ ಅರ್ಧ ಚಮಚ ಇಳಿಸುತ್ತ ಬನ್ನಿ. ಸೆರೆ ಇದ್ದರೆ ಪೂರ್ತಿ ಬಿಡಲಿ. ಎರಡು ತಿಂಗಳು ಬಿಟ್ಟು ಲಿಪಿಡ್, ಎಸ್‌ಜಿಪಿಟಿ, ಎಚ್‌ಬಿಎ1ಸಿ ಮತ್ತೆ ಮಾಡಿಸಿ, ಹೊಟ್ಟೆಯ ಸ್ಕ್ಯಾನಿಂಗ್ ಒಂದು ಆಗಲಿ. ಪರೀಕ್ಷೆಯ ಹಿಂದಿನ ದಿನ ರಾತ್ರಿ ಪಾಳಿ ಇರಬಾರದು. ಎಂಟು ಗಂಟೆಯೊಳಗೆ ಊಟ ಮುಗಿಸಲಿ, ಬೆಳಿಗ್ಗೆ ರಕ್ತ ಕೊಡುವ ತನಕ ಬರೀ ನೀರು. ಕ್ಯಾಂಟೀನಿನ ಒಂದು ಕಪ್ ಚಹಾ ಕುಡಿದು ಹೋದರೂ ಅಂಕಿಗಳನ್ನು ಪೂರ್ತಿ ನಂಬಲು ಬರುವುದಿಲ್ಲ, ಇದನ್ನು ಅವರಿಗೆ ಗಟ್ಟಿಯಾಗಿ ಹೇಳಿ.